ಕಂಡಕ್ಟರು ಹೊಡೆದುಹಾಕಿದ ಸಾಲು

ಹೋದ ತಿಂಗಳು ಹಗರಿಬೊಮ್ಮನಹಳ್ಳಿಯಲ್ಲಿ ನಡೆದ ನುಡಿನಮನಕ್ಕೆ ಅಧ್ಯಕ್ಷನಾಗಿ ಕುಳಿತವನು ಹಡಗಲಿಯ ಒಬ್ಬ ಹೂವಿನ ಸಾಹುಕಾರ. ತೀರಿಕೊಂಡವರು ಆ ಸಾಹುಕಾರನ ಮೋಸವನ್ನು ಊರಿಗೆಲ್ಲ ತಿಳಿಯುವ ಹಾಗೆ ಬರೆದಿದ್ದ ಲೇಖಕರು. ಇದರಲ್ಲಿ ಅಲ್ಲಿದ್ದ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ. ಸಾಹುಕಾರ ಸಭಾಂಗಣದ ಬಾಡಿಗೆ ಕೊಟ್ಟಿದ್ದ, ಉಪ್ಪಿಟ್ಟು ಮಾಡಿಸಿದ್ದ, ಫೋಟೋಕ್ಕೆ ತನ್ನದೇ ಅಂಗಡಿಯ ಮಲ್ಲಿಗೆ ಮಾಲೆ ತಂದಿದ್ದ. ಇಷ್ಟು ಮಾಡಿದವನು ಅಧ್ಯಕ್ಷನಾಗದೆ ಇನ್ನು ಯಾರಾಗಬೇಕು? ನಮ್ಮ ಕಡೆಯ ಸಾಹಿತಿಗಳಿಗೆ ಉಪ್ಪಿಟ್ಟಿನ ಮೇಲೆ ಇರುವಷ್ಟು ನಿಷ್ಠೆ ಬೇರೆ ಯಾವುದರ ಮೇಲೂ ಇಲ್ಲ.

ನನಗೂ ಮೂರು ನಿಮಿಷ ಮಾತಾಡಲು ಕೊಟ್ಟಿದ್ದರು. ಅವರ ಬರಹಗಳನ್ನು ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದವನು ಎಂಬ ಕಾರಣಕ್ಕೆ. ಈಗ ನಾನೂ ಎರಡು ಪುಸ್ತಕ ಬರೆದು, ಎರಡನ್ನೂ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ಆಹ್ವಾನಪತ್ರಿಕೆಯಲ್ಲಿ ಹೆಸರಿನ ಕೆಳಗೆ ‘ಸಾಹಿತಿಗಳು’ ಎಂದು ಹಾಕಿಸಿಕೊಳ್ಳುವ ಜಾತಿಗೆ ಸೇರಿದ್ದೇನೆ. ಆದ್ದರಿಂದ ಮುಂದೆ ಯಾರನ್ನು ಬೈದರೂ ನನ್ನನ್ನು ಸೇರಿಸಿಕೊಂಡೇ ಬೈಯುತ್ತಿದ್ದೇನೆ ಎಂದು ತಿಳಿಯಬೇಕು.

ಆ ಮೂರು ನಿಮಿಷದಲ್ಲಿ ನಾನು ಹೇಳಬೇಕಾಗಿದ್ದ ಮಾತು ಒಂದೇ. ಹನ್ನೆರಡು ವರ್ಷದ ಹಿಂದೆ ನನ್ನ ಅಕ್ಕನ ಹೂ ಕಟ್ಟುವ ಕೆಲಸ ಹೋಯಿತು. ಈ ಲೇಖಕರು ಬರೆದದ್ದರಿಂದಲೇ ಹೋಯಿತು ಎಂದು ಅಕ್ಕ ನಂಬಿದ್ದಳು. ನಂಬಿ, ಅವರ ಮುಖ ನೋಡುವುದನ್ನೇ ಬಿಟ್ಟಿದ್ದಳು. ಆದರೆ ಆ ಕೆಲಸ ಕಳೆದವನು ನಾನು. ಅವರು ಬದುಕಿರುವಾಗ ಅದನ್ನು ನಾನು ಅಕ್ಕನಿಗೆ ಹೇಳಲಿಲ್ಲ. ಅವರು ಹೋದ ಮೇಲಾದರೂ ಬಾಯಿ ಬಿಡುತ್ತೇನೋ ಇಲ್ಲವೋ ಎಂದು ನನಗೇ ಗೊತ್ತಿಲ್ಲದೆ ಅವತ್ತು ಬೆಳಿಗ್ಗೆ ಬಸ್ಸು ಹತ್ತಿದ್ದೆ.

ಅವರು ಬಸ್ ಕಂಡಕ್ಟರಾಗಿದ್ದರು. ಮನೆ ಕೊಟ್ಟೂರಿನಲ್ಲಿ. ಡ್ಯೂಟಿ ಕೆಲವು ದಿನ ಹಡಗಲಿ ಕಡೆ, ಕೆಲವು ದಿನ ಕೂಡ್ಲಿಗಿ ಕಡೆ, ಇನ್ನು ಕೆಲವು ದಿನ ಹರಪನಹಳ್ಳಿ ಕಡೆ. ಎಲ್ಲರೂ ಅವರನ್ನು ಕಂಡಕ್ಟರು ಎಂದೇ ಕರೆಯುತ್ತಿದ್ದುದರಿಂದ ನಾನೂ ಹಾಗೇ ಕರೆಯುತ್ತೇನೆ. ಟಿಕೆಟ್ಟಿಗೆ ಚಾಚಿದ ಕೈ ನೋಡಿಯೇ ಅವರು ಕೆಲಸ ಯಾವುದೆಂದು ಹೇಳುತ್ತಿದ್ದರು. ಬೆರಳ ತುದಿ ಬೆಳ್ಳಗಾಗಿ ಸೀಳಿದ್ದರೆ ಕೂಡ್ಲಿಗಿ ಕಡೆ ಹುಣಸೆಹಣ್ಣು ಬಡಿದು ಬೀಜ ತೆಗೆಯುವ ಹೆಂಗಸು. ಬೆರಳಿಗೆ ಹಳದಿ ಹತ್ತಿ ತಂಬಾಕು ನಾತ ಹೊಡೆದರೆ ಹರಪನಹಳ್ಳಿಯಲ್ಲಿ ಬೀಡಿ ಕಟ್ಟುವವಳು. ಬಸ್ಸಿನಲ್ಲಿ ಸೀಟು ಸಿಕ್ಕ ತಕ್ಷಣ ಚಪ್ಪಲಿ ಕಳಚಿ ಪಾದ ತಿಕ್ಕಿಕೊಳ್ಳುವ ಹುಡುಗಿ ಬಟ್ಟೆ ಅಂಗಡಿಯವಳು. ಅಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರಲು ಸ್ಟೂಲು ಇರುವುದಿಲ್ಲ. ಬಸ್ಸಿನಲ್ಲಿ ಒಂದೆರಡು ಮಾತು ಕೇಳುತ್ತಿದ್ದರು. ವಾರದ ರಜೆಯ ದಿನ ಆ ಶೆಡ್ಡಿಗೋ ಮನೆಗೋ ಹೋಗಿ ಅರ್ಧ ದಿನ ಕುಳಿತು ಬರುತ್ತಿದ್ದರು. ಆಮೇಲೆ ಹಗರಿಬೊಮ್ಮನಹಳ್ಳಿಯಿಂದ, ನಮ್ಮ ಬಾಯಲ್ಲಿ ಬರೀ ಬೊಮ್ಮನಹಳ್ಳಿಯಿಂದ, ಬರುತ್ತಿದ್ದ ಒಂದು ವಾರಪತ್ರಿಕೆಗೆ ಬರೆಯುತ್ತಿದ್ದರು. ಅದಕ್ಕೆ ಪತ್ರಿಕೆಯವರು ಕೊಡುತ್ತಿದ್ದುದು ಒಂದು ಪ್ರತಿ ಮತ್ತು ಒಂದು ಚಹಾ.

ಅವರು ಬದುಕಿರುವಾಗ ಈ ಸಾಹಿತಿಗಳು ಅವರನ್ನು ಕಂಡು ಮೂಗು ಮುರಿದವರೇ. ಖಾಕಿ ಅಂಗಿ ಹಾಕಿಕೊಂಡು ಚೀಲ ತೂಗುಬಿಟ್ಟ ಮನುಷ್ಯ ವೇದಿಕೆ ಹತ್ತಿದರೆ ವೇದಿಕೆಯ ಮರ್ಯಾದೆ ಏನಾಗಬೇಕು? ಒಂದು ಸಲ ಒಬ್ಬ ಕಾಲೇಜು ಮೇಷ್ಟ್ರು ಅವರ ಬಸ್ಸು ಹತ್ತಿ, ತುಂಬಿದ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ, ನೀವು ಶ್ರಮಿಕರ ಅಂತರಂಗದ ದನಿ, ಶೋಷಿತರ ಮೌನಕ್ಕೆ ಮಾತು ಎಂದೆಲ್ಲ ಬೆಣ್ಣೆ ಹಚ್ಚತೊಡಗಿದರು. ಕಂಡಕ್ಟರು ಪೂರ್ತಿ ಕೇಳಿದರು. ಕೇಳಿ ಮುಗಿದ ಮೇಲೆ, “ಎಲ್ಲಿಗ್ರಿ ಸರ್? ಚಿಲ್ಲರ ಇದ್ರ ಕೊಡ್ರಿ” ಎಂದರು. ಆ ಮೇಷ್ಟ್ರು ಹತ್ತು ವರ್ಷ ಅವರ ವಿಷಯವಾಗಿ ಕೆಟ್ಟದ್ದೇ ಮಾತಾಡಿಕೊಂಡು ತಿರುಗಿದ. ನುಡಿನಮನದಲ್ಲಿ ಗದ್ಗದ ಕಂಠದಲ್ಲಿ ಮೊದಲು ಮಾತಾಡಿದವನೂ ಅವನೇ.

ನಾನು ಆಗ ಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ಎದುರು ಆ ಪತ್ರಿಕೆ ತಯಾರಾಗುವ ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಡಿಗ್ರಿ ಮುಗಿಸಿದ್ದೆ, ಇಪ್ಪತ್ತೆರಡು ವರ್ಷ, ತಲೆ ತುಂಬ ಕವಿತೆ. ಮದುವೆ ಕಾರ್ಡು, ತಿಥಿ ಕಾರ್ಡು, ಅಂಗಡಿ ಬಿಲ್ಲು ಟೈಪು ಮಾಡುವುದು ನನ್ನ ಯೋಗ್ಯತೆಗೆ ಕಡಿಮೆ ಎಂದು ನನಗೆ ಬಲವಾಗಿ ಅನ್ನಿಸುತ್ತಿತ್ತು. ಕಂಡಕ್ಟರ ಬರಹ ಟೈಪು ಮಾಡುವುದು ಮಾತ್ರ ಖುಷಿ. ಅವರ ಬಸ್ಸು ಸ್ಟ್ಯಾಂಡಿನಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತಿತ್ತು. ಅಷ್ಟರಲ್ಲಿ ಓಡಿಬಂದು ಕೆಂಪು ಪೆನ್ನಿನಿಂದ ಪ್ರೂಫ್ ತಿದ್ದಿ, ನಿಂತೇ ಚಹಾ ಕುಡಿದು, ಡ್ರೈವರು ಹಾರ್ನ್ ಹೊಡೆದರೆ ಓಡುತ್ತಿದ್ದರು.

ಅಕ್ಕನ ವಿಷಯ ಅವರ ಕಿವಿಗೆ ಹಾಕಿದವನೂ ನಾನೇ. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಒಬ್ಬ ಮಗಳನ್ನು ಕರೆದುಕೊಂಡು ಹಡಗಲಿಗೆ ನಮ್ಮ ಮನೆಗೆ ಬಂದಿದ್ದಳು. ಯಾರ ಹಂಗಿನಲ್ಲೂ ಇರುವವಳಲ್ಲ. ಬಂದ ವಾರವೇ ಹೂವಿನ ಸಾಹುಕಾರನ ಹತ್ತಿರ ಹೋಗಿ ಕೆಲಸ ಕೇಳಿದಳು. ಬೆಳಿಗ್ಗೆ ತೋಟದಿಂದ ಬಂದ ಮಲ್ಲಿಗೆ ಮೊಗ್ಗು ಬುಟ್ಟಿಯಲ್ಲಿ ಮನೆಗೆ ಬರುತ್ತಿತ್ತು. ಅರಳುವುದರೊಳಗೆ ಕಟ್ಟಿ ಕೊಡಬೇಕು, ಮಧ್ಯಾಹ್ನದ ಬಸ್ಸಿಗೆ ಅದು ದಾವಣಗೆರೆಗೆ ಹೋಗಬೇಕು. ಎಷ್ಟು ಮಾರು ಕಟ್ಟಿದರೆ ಅಷ್ಟು ಕೂಲಿ. ಮಾರು ಅಂದರೆ ಎರಡೂ ಕೈ ಅಗಲಿಸಿ ಚಾಚಿದಷ್ಟು ಉದ್ದ. ಮೋಸ ಇದ್ದದ್ದು ಅಲ್ಲೇ, ಯಾರ ಕೈ ಎಂಬುದರಲ್ಲಿ.

ಕಟ್ಟಿದ ಹೂ ಅಳೆದುಕೊಳ್ಳಲು ಸಾಹುಕಾರ ಕಳಿಸುತ್ತಿದ್ದುದು ತನ್ನ ಭಾವಮೈದನನ್ನು. ಆರಡಿ ದಾಟಿದ ಆಳು. ನಿಂತರೆ ಕೈ ಮೊಣಕಾಲಿಗೆ ಹತ್ತುವಂತಿತ್ತು. ಓಣಿಯ ಹೆಂಗಸರು ಅವನನ್ನು ಗರುಡ ಎನ್ನುತ್ತಿದ್ದರು. ಅಳೆಯುವಾಗ ಎದೆ ಮುಂದೆ ಮಾಡಿ, ಭುಜ ಹಿಂದಕ್ಕೆಳೆದು, ಬೆರಳನ್ನೂ ಬಿಡದೆ ನಿಗುರಿಸಿ ನಿಲ್ಲುತ್ತಿದ್ದ. ಅದೇ ಹೂವಿನಲ್ಲಿ ಊರಿಗೆಂದು ಉಳಿಸಿಕೊಂಡದ್ದನ್ನು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಗಿರಾಕಿಗೆ ಅಳೆದು ಕೊಡುತ್ತಿದ್ದವಳು ಸಾಹುಕಾರನ ಹೆಂಡತಿ. ಅವಳು ಗಿಡ್ಡ. ಅಕ್ಕನ ಕೈಯಲ್ಲಿ ಐದು ಮಾರು ಇದ್ದ ಹೂ ಗರುಡನ ಕೈಯಲ್ಲಿ ನಾಲ್ಕಾಗುತ್ತಿತ್ತು, ಅಂಗಡಿಗೆ ಹೋಗಿ ಮತ್ತೆ ಐದಾಗುತ್ತಿತ್ತು. ಇದು ಓಣಿಗೆಲ್ಲ ಗೊತ್ತಿತ್ತು. ಗೊತ್ತಿದ್ದು ಎಲ್ಲರೂ ನಗುತ್ತಿದ್ದರು. ನಮ್ಮ ಊರಲ್ಲಿ ಮೋಸಕ್ಕೆ ಒಂದು ಅಡ್ಡಹೆಸರು ಇಟ್ಟುಬಿಟ್ಟರೆ ಅದರ ವಿಷಯ ಮುಗಿದ ಹಾಗೆ.

ಕಂಡಕ್ಟರಿಗೆ ಇದನ್ನು ನಾನು ಹೇಳಿದಾಗ ಅವರು ನಗಲಿಲ್ಲ. ರಜೆಯ ದಿನ ನನ್ನ ಜೊತೆ ಮನೆಗೆ ಬಂದರು. ಅಕ್ಕ ಜಗಲಿಯ ಮೇಲೆ ಚಾಪೆ ಹಾಸಿ, “ಬರ್ರಿ ಅಣ್ಣಾರ, ಕುಂದರ್ರಿ” ಎಂದು ನೀರು ಕೊಟ್ಟಳು, ಆಮೇಲೆ ಮಂಡಕ್ಕಿ ಒಗ್ಗರಣೆ ಕೊಟ್ಟಳು. ಅವರು ಪಕ್ಕದ ಮನೆಯ ಟೇಲರ್ ಸಾಬರಿಂದ ಟೇಪು ಇಸಿದುಕೊಂಡು ಬಂದು ಅಕ್ಕನ ಕೈ ಅಳೆದರು, ಓಣಿಯ ಇನ್ನೂ ನಾಲ್ಕು ಹೆಂಗಸರ ಕೈ ಅಳೆದರು. ಗರುಡನನ್ನು ಅಳೆಯುವುದಾಗಲಿಲ್ಲ. ಅವನು ಒರಗಿ ನಿಲ್ಲುತ್ತಿದ್ದ ಗೋಡೆಯ ಮೇಲೆ ಹೆಂಗಸರು ಅವನ ಎರಡು ಕೈ ಎಲ್ಲಿಂದ ಎಲ್ಲಿಗೆ ಬರುತ್ತವೆ ಎಂದು ತೋರಿಸಿದರು, ಅದನ್ನೇ ಅಳೆದುಕೊಂಡರು. ಹೊರಡುವಾಗ ಅಕ್ಕ, “ನನ್ನ ಹೆಸರು ಬರಬಾರದ್ರಿ” ಎಂದಳು. ಅವರು, “ಹೆಸರು ಅಲ್ಲವ್ವಾ, ನಿನ್ನ ನೆರಳೂ ಬರಾಂಗಿಲ್ಲ” ಎಂದರು.

ಆ ಮಾತಿಗೆ ತಕ್ಕಂತೆಯೇ ಬರೆದರು. ಹಡಗಲಿಯ ಬದಲು ಊರನ್ನು ಹೊಳಲು ಮಾಡಿದರು. ಅಕ್ಕನ ವಯಸ್ಸು ಹೆಚ್ಚಿಸಿದರು, ಒಬ್ಬ ಮಗಳನ್ನು ಇಬ್ಬರು ಗಂಡುಮಕ್ಕಳನ್ನಾಗಿ ಮಾಡಿದರು, ಗಂಡನನ್ನು ಬದುಕಿಸಿ ಕುಡುಕನನ್ನಾಗಿ ಮಾಡಿದರು. ಟೈಪು ಮಾಡುತ್ತ ನನಗೆ ಬರಹ ಸಪ್ಪೆ ಅನ್ನಿಸಿತು. ಅಳತೆ ಇತ್ತು, ಲೆಕ್ಕ ಇತ್ತು, ಆದರೆ ಎಲ್ಲೂ ಕಾವ್ಯ ಇರಲಿಲ್ಲ. ಆ ವಯಸ್ಸಿನಲ್ಲಿ ನನಗೆ ಕಾವ್ಯ ಇಲ್ಲದ ಬರಹ ಉಪ್ಪಿಲ್ಲದ ಸಾರು. ಚಹಾ ಕುಡಿಯುತ್ತಿದ್ದ ಅವರಿಗೆ ಹೇಳಿದೆ, ನಮ್ಮಕ್ಕ ಎಡಚಿ, ಎಡಗೈಯಲ್ಲಿ ಕಟ್ಟುವುದರಿಂದ ಅವಳ ಹೂವಿನ ಗಂಟು ಎಲ್ಲರ ಹಾಗೆ ಬಲಕ್ಕೆ ಹೊರಳದೆ ಎಡಕ್ಕೆ ಹೊರಳುತ್ತದೆ. ಹೇಳಿ, ಅಲ್ಲೇ ಒಂದು ಸಾಲು ಕಟ್ಟಿ ಓದಿಯೂ ತೋರಿಸಿದೆ: “ಊರಿನ ಹೂವೆಲ್ಲ ಬಲಕ್ಕೆ ಹೊರಳಿದರೆ, ಆ ತಾಯಿಯ ಎಡಗೈ ಕಟ್ಟಿದ ಹೂವು ಮಾತ್ರ ಎಡಕ್ಕೆ ಹೊರಳಿ ಊರಿಗೇ ಎದುರು ನಿಲ್ಲುತ್ತದೆ.” ಅವರಿಗೆ ಅವಸರ, ಡ್ರೈವರು ಹಾರ್ನ್ ಹೊಡೆಯುತ್ತಿದ್ದ. “ಚಲೋ ಐತಲ್ಲಪ್ಪ, ಹಾಕು” ಎಂದು ಓಡಿದರು.

ಮರುದಿನ ಬಂದವರು ಕೂರಲಿಲ್ಲ. ಪ್ರೂಫ್ ಕೈಗೆ ತೆಗೆದುಕೊಂಡು ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದರು.

“ತೆಗಿ ಇದನ್ನ. ಗುರ್ತು ಹತ್ತತೈತಿ.”

“ಗಂಟು ಯಾವ ಕಡಿಗೆ ಹೊಳ್ಳೇತಿ ಅಂತ ಯಾರು ನೋಡ್ತಾರ್ರಿ ಸರ್?”

“ನಿಮ್ಮೂರಾಗ ಹೂವು ಕಟ್ಟಲಾರದೋರು ಯಾರದಾರ? ಎಲ್ಲಾರೂ ನೋಡ್ತಾರ. ತೆಗಿಯಪ್ಪ, ಮರಿಬ್ಯಾಡ.”

ತೆಗೆಯುವುದು ಎಷ್ಟರ ಕೆಲಸ! ಕರ್ಸರ್ ಇಟ್ಟು ಒಂದು ಕೀಲಿ ಒತ್ತಿದರೆ ಮುಗಿಯಿತು. ನಾನು ಒತ್ತಲಿಲ್ಲ. ಆ ಸಾಲು ನನ್ನದು. ಅಷ್ಟು ಹೊತ್ತಿಗೆ ಇಬ್ಬರು ಗೆಳೆಯರಿಗೆ ಅದನ್ನು ಓದಿ ಹೇಳಿದ್ದೆ. ನಾನು ಬರೆದ ಒಂದಕ್ಷರವೂ ಅಲ್ಲಿಯವರೆಗೆ ಎಲ್ಲೂ ಅಚ್ಚಾಗಿರಲಿಲ್ಲ, ಇದೊಂದು ಅಚ್ಚಾಗಲಿ ಎನ್ನುವ ಆಸೆ. ಅಕ್ಕನ ನೆನಪು ಬರಲಿಲ್ಲವೇ ಎಂದು ಯಾರಾದರೂ ಕೇಳಿದರೆ, ಬಂದಿತ್ತು ಎಂದೇ ಹೇಳಬೇಕು. ಬಂದದ್ದನ್ನು ಪಕ್ಕಕ್ಕೆ ಸರಿಸಿ ಪುಟವನ್ನು ಪ್ರಿಂಟಿಗೆ ಕಳಿಸಿದೆ.

ಪತ್ರಿಕೆ ಬಂದ ದಿನ ಸಾಹುಕಾರ ಅದನ್ನು ಅಂಗಡಿಯಲ್ಲಿ ಒಬ್ಬನಿಂದ ಓದಿಸಿ ಕೇಳಿದನಂತೆ. ಹೊಳಲು, ಇಬ್ಬರು ಗಂಡುಮಕ್ಕಳು, ಕುಡುಕ ಗಂಡ ಎಂದು ಬಂದಾಗ ನಮ್ಮವರಲ್ಲ ಬಿಡು ಎಂದು ಸುಮ್ಮನಿದ್ದನಂತೆ. ಎಡಗೈ ಎಂದು ಬಂದ ತಕ್ಷಣ ಎದ್ದು ಬುಟ್ಟಿಯಿಂದ ಹೂವಿನ ಸರಗಳನ್ನು ಒಂದೊಂದಾಗಿ ಎತ್ತಿ ಗಂಟು ನೋಡಿದನಂತೆ. ಇದನ್ನೆಲ್ಲ ಆಮೇಲೆ ನಮಗೆ ಹೇಳಿದವರು ಅವನ ಅಂಗಡಿಯವರೇ. ಮರುದಿನ ಅಕ್ಕ ಬಾಳೆನಾರು ನೆನೆಸಿಟ್ಟುಕೊಂಡು ಜಗಲಿಯ ಮೇಲೆ ಕುಳಿತಿದ್ದಳು. ಬುಟ್ಟಿ ಎಲ್ಲರ ಮನೆಗೂ ಬಂತು, ನಮ್ಮ ಮನೆಗೆ ಬರಲಿಲ್ಲ. ಅಕ್ಕ ಅಂಗಡಿಗೇ ಹೋದಳು. ಸಾಹುಕಾರ ಸಿಟ್ಟಾಗಲಿಲ್ಲ, ನಕ್ಕುಕೊಂಡೇ ಹೇಳಿದನಂತೆ: “ನೀವು ಪೇಪರಿನೋರು ಆದ್ರಿವ್ವಾ. ನಿಮಗ ಹೂವು ಕಟ್ಟಸಾದು ನಮಗ ಪಾಪ.” ಊರಿನ ಇನ್ನಿಬ್ಬರು ಹೂವಿನ ವ್ಯಾಪಾರಿಗಳೂ ಬುಟ್ಟಿ ಕೊಡಲಿಲ್ಲ.

ಕಂಡಕ್ಟರು ಪತ್ರಿಕೆ ನೋಡಿದ್ದು ಬಸ್ಸಿನಲ್ಲಿ, ಯಾರದೋ ಕೈಯಲ್ಲಿ. ಅವತ್ತು ಬಂದವರು ಚಹಾ ಮುಟ್ಟಲಿಲ್ಲ.

“ತೆಗಿ ಅಂದಿದ್ನಲ್ಲೋ.”

“ಮರತೆರಿ ಸರ್.”

ಅವರು ನನ್ನನ್ನೇ ನೋಡಿದರು. ಸುಳ್ಳು ಎಂದು ಅವರಿಗೆ ಗೊತ್ತಾಯಿತು, ಗೊತ್ತಾದದ್ದು ನನಗೂ ಗೊತ್ತಾಯಿತು. ಬೈಯುತ್ತಾರೆ ಎಂದು ಕಾಯುತ್ತಿದ್ದೆ. ಅವರು ಹೇಳಿದ್ದು ಇಷ್ಟೇ: “ಅಕ್ಕನ ಮುಂದ ನೀನು ಕೆಟ್ಟಾಗಬ್ಯಾಡ. ಒಂದ ಮನಿಯಾಗ ಇರೋರು ನೀವು. ಕೇಳಿದ್ರ ನನ್ನ ಹೆಸರು ಹೇಳು.”

ಹೇಳಿದೆ. ಎರಡನೇ ಸಲ ಯೋಚಿಸಲಿಲ್ಲ. ಅಂದು ಸಂಜೆ ಅಕ್ಕ ಕೇಳುವುದಕ್ಕೂ ಮುಂಚೆ ನಾನೇ ಹೇಳಿದೆ, “ಬರಿಬ್ಯಾಡ್ರಿ ಅಂದಿದ್ದೆ ಅಕ್ಕ, ಕೇಳಲಿಲ್ಲ ಅವರು.” ಅವರು ಕೊಟ್ಟದ್ದು ಅವರ ಹೆಸರು ಮಾತ್ರ. ನಾನು ಅದರ ಜೊತೆಗೆ ಒಂದು ಕಥೆಯನ್ನೂ ಸೇರಿಸಿದೆ, ಅದರಲ್ಲಿ ನಾನು ಒಳ್ಳೆಯವನಾಗಿದ್ದೆ.

ಅಕ್ಕನಿಗೆ ಬೊಮ್ಮನಹಳ್ಳಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು. ಮನೆಯ ಜಗಲಿಯ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೂ ಕಟ್ಟುತ್ತಿದ್ದವಳು ದಿನಾ ಬಸ್ಸು ಹತ್ತಿ ಹೋಗಿ, ಒಲೆಯ ಮುಂದೆ ಹೊತ್ತು ಮುಳುಗುವ ತನಕ ಕೂರತೊಡಗಿದಳು. ಕಂಡಕ್ಟರ ಬಸ್ಸು ಬಂದರೆ ಹತ್ತುತ್ತಿರಲಿಲ್ಲ. ಮುಂದಿನ ಬಸ್ಸಿಗೆ ಮುಕ್ಕಾಲು ತಾಸು ಕಾಯಬೇಕು, ತಡವಾದರೆ ಖಾನಾವಳಿಯವನು ಬೈಯುತ್ತಿದ್ದ. ಆದರೂ ಹತ್ತುತ್ತಿರಲಿಲ್ಲ. ಅವರು ರಿಟೈರ್ ಆಗುವವರೆಗೂ ಇದು ನಡೆಯಿತು. ಬಾಗಿಲಲ್ಲಿ ನಿಂತು ಅವರು “ಬಾರವ್ವಾ” ಎಂದು ಕರೆಯುವುದನ್ನೂ, ಅಕ್ಕ ಮುಖ ತಿರುಗಿಸಿ ಕಂಬ ನೋಡುವುದನ್ನೂ ನಾನು ಎಷ್ಟು ಸಲ ನೋಡಿದ್ದೇನೋ.

ಮನೆಗೂ ಬಂದಿದ್ದರು, ಮೂರು ಸಲ. ಮೂರು ಸಲವೂ ಬಿಸಿಲಿನ ಹೊತ್ತು, ಖಾನಾವಳಿಗೆ ರಜೆ ಇದ್ದ ಭಾನುವಾರ. ಅಂಗಳದಲ್ಲಿ ನಿಂತು, “ತಪ್ಪು ನಂದವ್ವಾ” ಎಂದರು. ಅಕ್ಕ ಜೋಳ ಹಸನು ಮಾಡುತ್ತಿದ್ದಳು, ಕತ್ತೆತ್ತಲಿಲ್ಲ. ಬರ್ರಿ ಎನ್ನಲಿಲ್ಲ, ಕುಂದರ್ರಿ ಎನ್ನಲಿಲ್ಲ. ನಮ್ಮ ಕಡೆ ವೈರಿ ಬಂದು ನಿಂತರೂ ಒಂದು ತಂಬಿಗೆ ನೀರು ಮುಂದಿಟ್ಟು ಆಮೇಲೆ ಜಗಳ ತೆಗೆಯುತ್ತಾರೆ. ಅಕ್ಕ ಅವರಿಗೆ ನೀರು ಕೊಡಲಿಲ್ಲ. ನಾನು ಒಳಗೆ ಪುಸ್ತಕ ಹಿಡಿದುಕೊಂಡು ಕುಳಿತಿದ್ದೆ. ಬಾಗಿಲಿನಿಂದ ನನ್ನ ಕಾಲು ಅವರಿಗೆ ಕಾಣುತ್ತಿತ್ತು. ಅವರು ಒಂದೇ ಒಂದು ಸಲ ನೋಡಿ, ಮತ್ತೆ ಈ ಕಡೆ ನೋಡಲಿಲ್ಲ.

ಇತ್ತ ಸಾಹುಕಾರನಿಗೆ ಏನಾಯಿತು? ಏನೂ ಆಗಲಿಲ್ಲ. ಕೈಯಿಂದ ಅಳೆಯುವುದನ್ನು ಬಿಟ್ಟೆ ಎಂದು ಸಾರಿ, ಒಂದು ಬಿದಿರ ಕೋಲು ಕಡಿಸಿ, ಎರಡೂ ತುದಿಗೆ ಹಿತ್ತಾಳೆ ಕಟ್ಟಿಸಿ ಅಂಗಡಿಯಲ್ಲಿ ನಿಲ್ಲಿಸಿದ. ಕೋಲು ಕಡಿಯುವ ದಿನ ಅಳತೆಗೆಂದು ನಿಲ್ಲಿಸಿಕೊಂಡದ್ದು ಗರುಡನನ್ನು. ಮೊದಲಾದರೂ ಗರುಡನಿಗೆ ಬೇಜಾರು ಬಂದು ಕೈ ಸಡಿಲಾದ ದಿನ ಹೆಂಗಸರಿಗೆ ನಾಲ್ಕು ಬೆರಳು ಉಳಿಯುತ್ತಿತ್ತು. ಕೋಲಿಗೆ ಬೇಜಾರು ಬರುವುದಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಮಾತ್ರ ಹೆಂಡತಿಯ ಕೈಯೇ ಮುಂದುವರಿಯಿತು. ಈ ಬಿದಿರ ಕೋಲನ್ನು ‘ಒಂದು ಲೇಖನ ತಂದ ಬದಲಾವಣೆ’ ಎಂದು ಹೊಗಳಿ ಭಾಷಣ ಮಾಡಿದವರು ನಮ್ಮಲ್ಲಿ ಕಡಿಮೆ ಇಲ್ಲ. ಅವರಲ್ಲಿ ಒಬ್ಬನಾದರೂ ಆ ಕೋಲಿನ ಪಕ್ಕದಲ್ಲಿ ತನ್ನ ಎರಡು ಕೈ ಚಾಚಿ ನೋಡಿದವನಲ್ಲ.

ಕಂಡಕ್ಟರ ಬರಹಗಳು ಪುಸ್ತಕವಾದ ಮೇಲೆ ಆ ಸಾಲಿಗೆ ದೊಡ್ಡ ಬೇಡಿಕೆ ಬಂತು. ಪುಸ್ತಕಕ್ಕೆ ಆ ಸಾಲು ಬೇಡ ಎಂದು ಅವರು ಮತ್ತೊಮ್ಮೆ ಹೊಡೆದುಹಾಕಿದ್ದರು. ಅಷ್ಟರಲ್ಲಿ ಅದು ಬಾಯಿಂದ ಬಾಯಿಗೆ ಹೋಗಿ ಆಗಿತ್ತು, ಪ್ರಕಾಶಕನೇ ಹುಡುಕಿ ತಂದು ಸೇರಿಸಿದ. ಕಾರ್ಮಿಕ ದಿನದ ಕಾರ್ಯಕ್ರಮ ಇರಲಿ, ಮಹಿಳಾ ದಿನ ಇರಲಿ, ಯಾರಾದರೂ ಒಬ್ಬರು ಎದ್ದು ಅದನ್ನು ಹೇಳುತ್ತಿದ್ದರು. ‘ಎಡಕ್ಕೆ ಹೊರಳಿ ಊರಿಗೇ ಎದುರು ನಿಲ್ಲುತ್ತದೆ’ ಎಂದಾಗ ಚಪ್ಪಾಳೆ. ಒಬ್ಬ ವಿಮರ್ಶಕರಂತೂ ಅದರಲ್ಲಿ ಎಡಪಂಥವನ್ನೇ ಕಂಡುಹಿಡಿದರು. ಅದು ಇಪ್ಪತ್ತೆರಡು ವರ್ಷದ ಒಬ್ಬ ಅವಿವೇಕಿ ಡಿಟಿಪಿ ಅಂಗಡಿಯಲ್ಲಿ ಕಟ್ಟಿದ ಸಾಲು. ಅದರಲ್ಲಿ ಅಕ್ಕ ಎಲ್ಲಿ ಎದುರು ನಿಂತಿದ್ದಾಳೆ? ಅವಳು ಎಡಚಿ, ಅಷ್ಟೇ. ಇಷ್ಟು ಗೊತ್ತಿದ್ದೂ ಪ್ರತಿ ಚಪ್ಪಾಳೆಗೂ ನನ್ನ ಎದೆ ಉಬ್ಬುತ್ತಿತ್ತು. ಹೇಳಲು ನಾಚಿಕೆಯಾಗುತ್ತದೆ, ಈಗಲೂ ಉಬ್ಬುತ್ತದೆ.

ಈ ನುಡಿನಮನದ ದಿನವೂ ಹಾಗೇ ಆಯಿತು. ಅಧ್ಯಕ್ಷ ಭಾಷಣವನ್ನು ಕೊನೆಗೆ ಬಿಡದೆ ನಡುವೆಯೇ ಎದ್ದ ಸಾಹುಕಾರ ಆ ಸಾಲನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ. ಕನ್ನಡಕ ಹಾಕಿಕೊಂಡು ನಿಧಾನ ಓದಿದ. ಓದಿ, “ಹೂವಿನ ಧಂದೆದಾಗ ನಲವತ್ತು ವರ್ಷ ಅದೀನ್ರಿ ನಾನು, ಹೂವಿನ ಬಗ್ಗೆ ಇಂಥಾ ಮಾತು ಇನ್ನೊಬ್ಬರು ಬರದಿಲ್ಲ” ಎಂದ. ಅವನಿಗೆ ಎಲ್ಲ ಮರೆತಿತ್ತು ಎಂದು ತಿಳಿಯಬೇಡಿ. ವೇದಿಕೆಯ ಮೇಲಿದ್ದ ನನ್ನ ಕಡೆ ತಿರುಗಿ ಒಂದು ಸಲ ನಕ್ಕ. ಜನ ಚಪ್ಪಾಳೆ ಹೊಡೆದರು. ಫೋಟೋದಲ್ಲಿ ಕಂಡಕ್ಟರು ಖಾಕಿ ಅಂಗಿಯಲ್ಲಿದ್ದರು, ಮಲ್ಲಿಗೆ ಮಾಲೆ ಅವರ ಅರ್ಧ ಮುಖ ಮುಚ್ಚಿತ್ತು. ಅವರ ಹೆಂಡತಿಯನ್ನು ಯಾರೂ ಕರೆದಿರಲಿಲ್ಲ. ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಆಮೇಲೆ ನನ್ನ ಮೂರು ನಿಮಿಷ. ಮೈಕಿನ ಮುಂದೆ ನಿಂತಾಗ ಬಾಯಿಗೆ ಬಂದಿತ್ತು. ಸಾಹುಕಾರ ಪಕ್ಕದಲ್ಲಿದ್ದ, ಮೇಷ್ಟ್ರು ಎದುರಿಗಿದ್ದ, ಆ ಸಾಲು ಹೊಡೆದುಹಾಕಿದ ಮನುಷ್ಯ ಗೋಡೆಯ ಮೇಲಿದ್ದ. ಹೇಳಿಬಿಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ನಾನು ಕೆಮ್ಮಿದೆ, ವೇದಿಕೆಯ ಮೇಲಿರುವ ಗಣ್ಯರಿಗೆ ನಮಸ್ಕಾರ ಎಂದೆ, ಕಂಡಕ್ಟರ ಅಕ್ಷರಗಳು ದುಂಡಗಿದ್ದವು ಎಂದೆ, ಒಂದೊಂದು ಪದಕ್ಕೂ ಅವರು ಎಷ್ಟು ಕಷ್ಟಪಡುತ್ತಿದ್ದರು ಎಂದೆ, ಸಂವೇದನೆ ಎಂಬ ಪದವನ್ನು ನಾಲ್ಕು ಸಲ ಹೇಳಿದೆ. ಮೂರು ನಿಮಿಷ ಮುಗಿಯಿತು. ಸಾಹುಕಾರನ ಕೈಯಿಂದ ನನಗೊಂದು ಶಾಲು ಹೊದಿಸಿದರು. ಹೊದಿಸಿಕೊಂಡೆ. ಉಪ್ಪಿಟ್ಟೂ ತಿಂದೆ.

ಮನೆಗೆ ಬಂದಾಗ ಮಧ್ಯಾಹ್ನ ಎರಡಾಗಿತ್ತು. ಅವತ್ತು ಭಾನುವಾರ, ಅಕ್ಕ ಮನೆಯಲ್ಲೇ ಇದ್ದಳು. ಮಗಳ ಮದುವೆಯಾಗಿದೆ, ಈಗ ಮನೆಯಲ್ಲಿ ನಾವಿಬ್ಬರೇ. ಜಗಲಿಯ ಮೇಲೆ ಕುಳಿತು ಎಡಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ರೊಟ್ಟಿ ಬಡಿದು ಬಡಿದು ಆ ಭುಜ ಮೇಲಕ್ಕೆ ಏಳುವುದಿಲ್ಲ. ಶಾಲು ನೋಡಿ ಕೇಳಿದಳು.

“ಯಾರು ಹಾಕಿದ್ರು?”

“ಹೂವಿನ ಸಾಹುಕಾರ.”

“ಚಲೋ ಆತು. ಅವನೂ ಅಂಥಾವನ, ಸತ್ತಾತನೂ ಅಂಥಾವನ. ನಮ್ಮ ಮನಿ ಕೆಡಿಸಿದೋರು ಎಲ್ಲಾರೂ ಕೂಡಿದ್ರು ಅನ್ನು.”

ಹನ್ನೆರಡು ವರ್ಷದಿಂದ ಇಂಥ ಮಾತು ಕೇಳಿಕೊಂಡು ಸುಮ್ಮನಿದ್ದವನು ಅವತ್ತು ಯಾಕೆ ಸುಮ್ಮನಿರಲಾರದೆ ಹೋದೆನೋ. ಧೈರ್ಯ ಬಂತು ಎಂದು ಹೇಳಿಕೊಳ್ಳಲಾರೆ. ಶಾಲು ಇನ್ನೂ ಕುತ್ತಿಗೆಯ ಮೇಲಿತ್ತು, ಸೆಕೆಯಾಗುತ್ತಿತ್ತು, ನನ್ನ ಮೇಲೆ ನನಗೇ ಹೇಸಿಗೆ ಬಂದಿತ್ತು. ಎಲ್ಲ ಹೇಳಿದೆ. ಎಡಗೈ ವಿಷಯ ನಾನು ಹೇಳಿದ್ದು, ಸಾಲು ನಾನು ಕಟ್ಟಿದ್ದು, ಅವರು ಕೆಂಪು ಗೆರೆ ಎಳೆದದ್ದು, ನಾನು ತೆಗೆಯದೆ ಬಿಟ್ಟದ್ದು, ಅವರ ಹೆಸರು ಹೇಳು ಎಂದು ಅವರೇ ಹೇಳಿದ್ದು.

ಅಕ್ಕ ಎಣ್ಣೆ ಬಟ್ಟಲಿಗೆ ಮುಚ್ಚಳ ಹಾಕಿದಳು. ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

“ಬುಟ್ಟಿ ಹೋಗಿದ್ದು ಬಿಡು. ಅದು ಇವತ್ತಲ್ಲ ನಾಳೆ ಹೋಗ್ತಿತ್ತು, ಬಾಯಿ ಬಿಟ್ಟಾಕಿ ನಾನ ಅಲ್ಲೇನು. ಆ ಮನಷ್ಯಾ ಬಿಸಲಾಗ ನಿಂತಿದ್ದ. ಮೂರು ಸಲ. ನಾ ನೀರು ಕೊಡಲಿಲ್ಲ. ನೀ ಒಳಗ ಇದ್ದಿ.”

“ಹೂಂ ಅಕ್ಕ.”

“ಏನ್ ಮಾಡ್ತಿದ್ದಿ?”

“ಓದ್ತಿದ್ದೆ.”

ಅಕ್ಕ ಎದ್ದು ಒಳಗೆ ಹೋಗಿ ಮುಖ ತೊಳೆದಳು. ಸೀರೆ ಬದಲಿಸಿದಳು. ತಲೆ ಬಾಚಿಕೊಳ್ಳುವಾಗ ಎಡಗೈ ಏಳದೆ ಬಲಗೈಯಿಂದಲೇ ಹೇಗೋ ಬಾಚಿ ಗಂಟು ಹಾಕಿಕೊಂಡಳು. ಅವರ ಮನೆಯಲ್ಲಿ ಈಗ ಯಾರಿದ್ದಾರೆ ಎಂದು ಕೇಳಿದಳು. ಹೆಂಡತಿ ಇದ್ದಾರೆ, ಒಬ್ಬರೇ, ಎಂದೆ. ಕೊಟ್ಟೂರಿನಲ್ಲಿ ಮನೆ ಎಲ್ಲಿ ಬರುತ್ತದೆ ಎಂದು ಕೇಳಿದಳು. ಬಸ್‌ಸ್ಟ್ಯಾಂಡಿನಿಂದ ಹೇಗೆ ಹೋಗಬೇಕೆಂದು ಹೇಳಿದೆ. ಇಷ್ಟು ವರ್ಷವಾದ ಮೇಲೆ ಹೋಗಿ ಅವರಿಗೆ ಏನು ಹೇಳುತ್ತೀ ಎಂದೆ.

“ಅವರ ಮುಂದ ಹೇಳೋದನ್ನ ನಿನಗ್ಯಾಕ ಹೇಳ್ಲಿ” ಎಂದಳು.

ಮೂರೂವರೆಗೆ ಕೊಟ್ಟೂರು ಬಸ್ಸಿತ್ತು. ನಾನು ಶಾಲು ಕುರ್ಚಿಯ ಮೇಲೆ ಹಾಕಿ ಬೇರೆ ಅಂಗಿ ತೊಟ್ಟುಕೊಂಡು ಹೊರಗೆ ಬಂದೆ. ಅಕ್ಕ ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ಮೇಲಿಂದ ಕೆಳಗಿನ ತನಕ ನನ್ನನ್ನು ಒಂದು ಸಲ ನೋಡಿದಳು.

“ನೀ ಬರಬ್ಯಾಡ” ಎಂದಳು. “ನೀ ಬಂದ್ರ ಅಲ್ಲೂ ಭಾಷಣ ಮಾಡ್ತಿ.”